ವಿ.ಆರ್. ಹೆಡ್‌ಸೆಟ್ ಹಾಕಿಕೊಂಡವರಿಗೆ ಸುತ್ತಲಿನವರ ಅರಿವು ಇರುವಂತೆ ಮಾಡುವುದು ಹೇಗೆ?

ನಿಮ್ಮ ತಮ್ಮ ಕ್ವೆಸ್ಟ್ 3 (ಹೊರಗಿನದನ್ನು ಮರೆಮಾಡಿ ಕಣ್ಣ ಮುಂದೆ ಆಟದ ಲೋಕವನ್ನು ತೋರಿಸುವ, ಮೆಟಾ ಕಂಪನಿಯ ವಿ.ಆರ್. ಹೆಡ್‌ಸೆಟ್) ಹಾಕಿಕೊಂಡು ಮನೆಯ ಹಾಲ್‌ನಲ್ಲಿ ಆಡುವಾಗ ಅಜ್ಜಿ ಪಕ್ಕಕ್ಕೆ ಬಂದರೂ ಅವನಿಗೆ ತಿಳಿಯುವುದಿಲ್ಲ, ಏನು ಮಾಡುವುದು ಎಂದು ಕೇಳಿದ್ದೀರಿ. ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಮನೆಯ ಹಾಲ್ ಹತ್ತಡಿಗೆ ಹನ್ನೆರಡಡಿ. ಬಾಕ್ಸಿಂಗ್ ಆಟದಲ್ಲಿ ನಾನು ಬೀಸಿದ ಕೈ ಒಮ್ಮೆ ಅಮ್ಮ ತರುತ್ತಿದ್ದ ಲೋಟಕ್ಕೆ ತಗುಲಿ, ಬಿಸಿ ಕಾಫಿಯೆಲ್ಲ ಅವರ ಮುಂಗೈ ಮೇಲೆ ಚೆಲ್ಲಿತು. ಆಗ ನಾನು ಗಡಿಯ ಒಳಗೇ ಇದ್ದೆ.

ಆಟಕ್ಕೆ ಮೊದಲು ನೆಲದ ಮೇಲೆ ಗುರುತಿಸುವ ಆ ಗಡಿ, ಆಡುವವನು ಅಂಚಿಗೆ ಹೋದಾಗ ಎಚ್ಚರಿಸುತ್ತದೆಯೇ ಹೊರತು ಹೊರಗಿನವರು ಒಳಗೆ ಬಂದುದನ್ನು ತಾನಾಗಿ ಹೇಳುವುದಿಲ್ಲ. ಅದಕ್ಕೆಂದೇ ಕ್ವೆಸ್ಟ್ 2ರ ಕಾಲದಲ್ಲಿ ಬಂದ ‘ಸ್ಪೇಸ್ ಸೆನ್ಸ್’ ಎಂಬ ಸೌಲಭ್ಯ, ಸುಮಾರು 9 ಅಡಿಯೊಳಗೆ ಬಂದ ಮನುಷ್ಯರ, ಸಾಕುಪ್ರಾಣಿಗಳ ಹೊರರೇಖೆಯನ್ನು ಆಟದೊಳಗೇ ತೋರಿಸುತ್ತದೆ. ಆದರೆ ಕ್ಯಾಮೆರಾಗಳಿರುವುದು ಹೆಡ್‌ಸೆಟ್ಟಿನ ಮುಂಭಾಗದಲ್ಲಿ. ಬೆನ್ನ ಹಿಂದಿನಿಂದ ಬಂದವರು ಅದಕ್ಕೂ ಕಾಣುವುದಿಲ್ಲ. ನಮ್ಮ ಅಡುಗೆಮನೆ ಇದ್ದುದು ನನ್ನ ಬೆನ್ನಿಗೆ. ಈಗ ಅಡುಗೆಮನೆಯ ಬಾಗಿಲಿಗೆ ಮುಖಮಾಡಿ ನಿಂತು, ಬಲಗೈ ಕಂಟ್ರೋಲರಿನ ಮೆಟಾ ಗುಂಡಿಯನ್ನು ಒತ್ತಿಹಿಡಿದು ಆಟದ ದಿಕ್ಕನ್ನು ಆ ಕಡೆಗೆ ಹೊಂದಿಸಿಕೊಂಡ ಮೇಲೆಯೇ ಆಡಲು ತೊಡಗುತ್ತೇನೆ. ಕಾಲಡಿ ಒಂದು ಸಣ್ಣ ಚಾಪೆಯನ್ನೂ ಹಾಸಿಕೊಳ್ಳುತ್ತೇನೆ. ಬರಿಗಾಲಿಗೆ ಅದರ ಅಂಚು ಸಿಕ್ಕರೆ ನಡುವಿನಿಂದ ಸರಿದಿದ್ದೇನೆಂದು ತಿಳಿಯುತ್ತದೆ.

2024ರಲ್ಲಿ ಬಂದ ಆ್ಯಪಲ್ ವಿಷನ್ ಪ್ರೊ ಹೆಡ್‌ಸೆಟ್, ಹತ್ತಿರ ಬಂದವರ ರೂಪವನ್ನು ತಾನೇ ದೃಶ್ಯದೊಳಗೆ ಮೂಡಿಸುತ್ತದೆ. ಒಳ್ಳೆಯ ಏರ್ಪಾಡು, ಆದರೆ ಅಮೆರಿಕದಲ್ಲಿ ಅದರ ಆರಂಭದ ಬೆಲೆಯೇ 3,499 ಡಾಲರ್ ಇತ್ತು.

ನನ್ನ ಅನುಭವದಲ್ಲಿ ಕಣ್ಣಿಗಿಂತ ಕಿವಿಯೇ ಹೆಚ್ಚು ಉಪಯುಕ್ತ. ಕ್ವೆಸ್ಟಿನ ಸ್ಪೀಕರುಗಳು ತಲೆಗೆ ಕಟ್ಟುವ ಪಟ್ಟಿಯಲ್ಲಿರುವುದರಿಂದ ಕಿವಿ ತೆರೆದೇ ಇರುತ್ತದೆ. ನಿಮ್ಮ ತಮ್ಮ ಇಯರ್‌ಫೋನ್ ಹಾಕದೆ, ಧ್ವನಿಯನ್ನು ಅರ್ಧಕ್ಕಿಂತ ಕಡಿಮೆ ಇಟ್ಟುಕೊಳ್ಳಲಿ. ಮನೆಯವರು ಅವನ ಭುಜ ಮುಟ್ಟಿ ಕರೆಯಬಾರದು. ಬೆಚ್ಚಿಬಿದ್ದವನ ಕೈ ಯಾವ ಕಡೆ ಬೀಸುತ್ತದೋ ಹೇಳಲಾಗದು. ಬಾಗಿಲಲ್ಲೇ ನಿಂತು ಹೆಸರು ಹಿಡಿದು ಕರೆಯಬೇಕು. ಅವನು ಹೆಡ್‌ಸೆಟ್ಟಿನ ಬದಿಯನ್ನು ಎರಡು ಬಾರಿ ತಟ್ಟಿದರೆ ಹೊರಗಿನ ನೋಟ ತೆರೆದುಕೊಳ್ಳುತ್ತದೆ (ಸೆಟ್ಟಿಂಗಿನಲ್ಲಿ ಇದು ಚಾಲೂ ಇದೆಯೇ ನೋಡಿಕೊಳ್ಳಿ), ಕ್ವೆಸ್ಟ್ 3ರಲ್ಲಿ ಬಣ್ಣದಲ್ಲೇ. ಅವನು ‘ಕಂಡಿತು’ ಎನ್ನುವ ತನಕ ಯಾರೂ ಹೆಜ್ಜೆ ಮುಂದಿಡಬಾರದು.

ಅಜ್ಜಿಗೆ ಕೂಗುವಷ್ಟು ದನಿ ಇಲ್ಲದಿದ್ದರೆ ಏನಾದರೂ ಸದ್ದು ಮಾಡಲು ಹೇಳಿ. ನಮ್ಮ ಅಮ್ಮ ಈಗ ಬಾಗಿಲಲ್ಲೇ ನಿಂತು ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತಾರೆ.