ಊಹಿಸಬೇಡಿ, ಕೇಳಿ

ಪ್ರಶ್ನೆ: ನಮ್ಮದು ಆರು ಜನರ ತಂಡ. ಕೆಲಸದ ವಿಧಾನ ಸ್ವಲ್ಪ ಬದಲಿಸೋಣ ಎಂದು ಯಾವಾಗ ಹೇಳಿದರೂ ಹಿರಿಯ ಸಹೋದ್ಯೋಗಿಯೊಬ್ಬರು ‘ಇದೆಲ್ಲ ಆಗಲ್ಲ’ ಎಂದು ತಳ್ಳಿಹಾಕುತ್ತಾರೆ. ಅವರ ಜಾಗದಲ್ಲಿ ನಿಂತು ಯೋಚಿಸಿದೆ, ಎಷ್ಟು ಸಮಯ ಉಳಿಯುತ್ತದೆ ಎಂದು ಲೆಕ್ಕ ತೋರಿಸಿದೆ. ಪ್ರಯೋಜನವಾಗಲಿಲ್ಲ. ಒಪ್ಪಿಸುವುದು ಹೇಗೆ?

ಉತ್ತರ: ಅವರ ಜಾಗದಲ್ಲಿ ನಿಂತಾಗಲೂ ಯೋಚಿಸುವ ತಲೆ ನಿಮ್ಮದೇ. ತಾಲ್ ಇಯಾಲ್, ಮೇರಿ ಸ್ಟೆಫೆಲ್, ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ 25 ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಇನ್ನೊಬ್ಬರ ದೃಷ್ಟಿಯನ್ನು ಕಲ್ಪಿಸಿಕೊಂಡವರ ಊಹೆ ಅದರಿಂದ ಹೆಚ್ಚು ನಿಖರವಾಗಲಿಲ್ಲ. ನೇರವಾಗಿ ಮಾತಾಡಿ ತಿಳಿದುಕೊಂಡಾಗ ನಿಖರವಾಯಿತು.

ಆದ್ದರಿಂದ ಕೇಳಿ. ಸಭೆಯಲ್ಲಿ ಬೇಡ, ಇಬ್ಬರೇ ಇರುವಾಗ ಕೇಳಿ. ಎಲ್ಲರೆದುರು ‘ಆಗಲ್ಲ’ ಎಂದವರಿಗೆ ಅಲ್ಲೇ ಮಾತು ಬದಲಿಸುವುದು ಕಷ್ಟ. ‘ಯಾಕೆ ಬೇಡ?’ ಎಂದೂ ಕೇಳಬೇಡಿ. ಹಾಗೆ ಕೇಳಿದೊಡನೆ ಅವರು ಸಮರ್ಥನೆ ಹುಡುಕತೊಡಗುತ್ತಾರೆ, ಹುಡುಕಿದಷ್ಟೂ ನಿಲುವು ಗಟ್ಟಿಯಾಗುತ್ತದೆ. ‘ಇದನ್ನು ಮಾಡಿದರೆ ಮೊದಲು ಎಲ್ಲಿ ಕೆಡಬಹುದು ಅನ್ನಿಸುತ್ತೆ ಸರ್?’ ಎನ್ನಿ. ಆಮೇಲೆ ಸುಮ್ಮನಿರಿ. ಇದೇ ಎಲ್ಲಕ್ಕಿಂತ ಕಷ್ಟ. ಮನಸ್ಸಿನಲ್ಲೇ ನಿಧಾನವಾಗಿ ಮೂರು ಎಣಿಸಿ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ 1 ಸೆಕೆಂಡಿನಷ್ಟೇ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳಲ್ಲಿ ಕಂಡುಕೊಂಡಿದ್ದರು. ದೊಡ್ಡವರೊಂದಿಗೂ ಮಾಡಿ ನೋಡಿ. ಮೊದಲ ಉತ್ತರದ ಹಿಂದೆ ನಿಜವಾದದ್ದು ಅಡಗಿರುತ್ತದೆ.

ಮುಂದಿನ ಹೆಜ್ಜೆಯನ್ನು ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದಲ್ಲೇ ಹೇಳಿದ್ದಾರೆ: ಎದುರಿನವರ ಮಾತನ್ನು ಅವರೇ ಒಪ್ಪುವಂತೆ ತಿರುಗಿ ಹೇಳಿ, ನಿಮ್ಮದು ಆಮೇಲೆ. ‘ಹೋದ ಸಲವೂ ಬದಲಾಯಿಸಿದ್ರಿ, ಕೊನೆಗೆ ರಾತ್ರಿಯೆಲ್ಲ ಕೂತು ಸರಿಮಾಡಿದ್ದು ನಾನು’ ಎಂದು ಅವರು ಹೇಳಿದರು ಎನ್ನಿ. ನೀವು: ‘ಬದಲಾವಣೆಯೇ ಬೇಡ ಅಂತಲ್ಲ. ಕೆಟ್ಟರೆ ಹೊರೆ ನಿಮ್ಮ ತಲೆಗೇ ಬರುತ್ತೆ ಅಂತ, ಅಲ್ವಾ ಸರ್?’ ‘ಹೂಂ, ಅದೇ’ ಎನ್ನುವವರೆಗೆ ಮುಂದೆ ಹೋಗಬೇಡಿ. ‘ಅಷ್ಟೇ ಅಲ್ಲ’ ಎಂದರೆ ಇನ್ನೊಂದು ಸುತ್ತು ಕೇಳಿ. ‘ನೀವು ಹೇಳೋದು ಸರಿ, ಆದರೆ’ ಎಂದಿರೋ, ಅಲ್ಲಿಯವರೆಗೆ ಕೇಳಿಸಿಕೊಂಡದ್ದೆಲ್ಲ ನೀರಿನಲ್ಲಿ ಹೋಮ.

ಈಗ ನಿಮ್ಮ ಲೆಕ್ಕ ಯಾಕೆ ನಾಟಲಿಲ್ಲ ಎಂಬುದೂ ಗೊತ್ತಾಗುತ್ತದೆ. ನೀವು ಸಮಯ ಉಳಿಯುವುದನ್ನು ತೋರಿಸಿದಿರಿ, ಅವರ ಚಿಂತೆ ಕೆಟ್ಟಾಗ ಸರಿಪಡಿಸುವವರು ಯಾರು ಎಂಬುದು. ಹಾಗಾದರೆ ಪ್ರಸ್ತಾಪವೂ ಅದಕ್ಕೇ ಉತ್ತರವಾಗಲಿ: ಒಂದೇ ಕೆಲಸ, ಎರಡು ವಾರ, ಕೆಟ್ಟರೆ ಹಳೆಯ ವಿಧಾನಕ್ಕೆ ಮರಳಿಸುವ ಹೊಣೆ ನನ್ನದು. ಯಾವ ಕೆಲಸದಿಂದ ಶುರು, ಯಾವ ಹಂತದಲ್ಲಿ ನಿಲ್ಲಿಸಬೇಕು ಎಂಬುದನ್ನು ಅವರೇ ನಿರ್ಧರಿಸಲಿ. ಆಯ್ಕೆ ಕೈತಪ್ಪುತ್ತಿದೆ ಅನ್ನಿಸಿದರೆ ಮನುಷ್ಯ ಒಳ್ಳೆಯದಕ್ಕೂ ಅಡ್ಡ ನಿಲ್ಲುತ್ತಾನೆ. ಇನ್ನೊಂದು ಮಾತು, ಅವರು ನಂಬಿ ಹೇಳಿಕೊಂಡ ಆತಂಕವನ್ನು ಸಭೆಯಲ್ಲಿ ಎತ್ತಿದರೆ ಮುಂದೆಂದೂ ನಿಮ್ಮೆದುರು ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಗೆಳತಿಗೆ ಕೊಟ್ಟ ಮಾತು ಎರಡು ಸಲ ತಪ್ಪಿದೆ. ಕ್ಷಮೆ ಕೇಳಿದರೂ ನಂಬುತ್ತಿಲ್ಲ.

ಉತ್ತರ: ಮತ್ತೆ ಕ್ಷಮೆ ಕೇಳುವುದರಿಂದ ಉಪಯೋಗವಿಲ್ಲ. ಚಿಕ್ಕದೊಂದು ಮಾತು ಕೊಡಿ, ದಿನ, ಹೊತ್ತು ಹೇಳಿಯೇ ಕೊಡಿ. ‘ನೋಡ್ತೀನಿ’ ಎನ್ನಬೇಡಿ, ‘ಗುರುವಾರ ಸಂಜೆ ಆರರೊಳಗೆ’ ಎನ್ನಿ. ತಡವಾಗುವಂತಿದ್ದರೆ ಬುಧವಾರವೇ ತಿಳಿಸಿ, ಹೊತ್ತು ಮೀರಿದ ಮೇಲಲ್ಲ. ‘ಈಗ ನಂಬ್ತೀಯಾ?’ ಎಂದು ಮಾತ್ರ ಕೇಳಬೇಡಿ.