ತಾಮ್ರದ ರೇಟು, ಕೇಬಲ್ ಲೆಕ್ಕ: ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ವೈರ್, ಕೇಬಲ್, ತಾಮ್ರದ ಸುತ್ತಲೇ ಇದ್ದವು. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನಷ್ಟೇ ತೆಗೆದುಕೊಂಡಿದ್ದೇನೆ.

ಮನೆ ಕಟ್ಟಿಸುತ್ತಿದ್ದೇವೆ. ಹೋದ ವರ್ಷ ಎಲೆಕ್ಟ್ರಿಷಿಯನ್ ಕೊಟ್ಟ ವೈರ್ ಕೊಟೇಶನ್‌ಗೂ ಈಗಿನದಕ್ಕೂ ತುಂಬಾ ವ್ಯತ್ಯಾಸ. ಕೇಳಿದರೆ 'ತಾಮ್ರ ಏರಿದೆ ಸಾರ್' ಅಂತಾರೆ. ನಿಜವಾ, ಅಥವಾ ಟೋಪಿ ಹಾಕ್ತಿದ್ದಾರಾ?
— ಓದುಗರು, ದಾವಣಗೆರೆ

ತಾಮ್ರ ಏರಿರುವುದು ನಿಜ. ಅದರ ಮೇಲೆ ಅವರು ಎಷ್ಟು ಸೇರಿಸಿದ್ದಾರೆ ಅನ್ನೋದನ್ನು ನೀವೇ ಲೆಕ್ಕ ಹಾಕಬಹುದು. ನಾವು 'ಎರಡೂವರೆ ಎಂಎಂ ವೈರ್' ಅನ್ನುತ್ತೇವಲ್ಲ, ಅದು ತಾಮ್ರದ ಅಡ್ಡಕೊಯ್ತದ ಅಳತೆ, 2.5 ಚದರ ಮಿಲಿಮೀಟರ್. ಕಾಯಿಲ್ 90 ಮೀಟರ್. ಇವೆರಡನ್ನೂ ತಾಮ್ರದ ಸಾಂದ್ರತೆಯಿಂದ ಗುಣಿಸಿ ನೋಡಿದರೆ ಒಂದು ಕಾಯಿಲ್‌ನಲ್ಲಿ ಸುಮಾರು 2 ಕೆಜಿ ತಾಮ್ರ. ಒಂದೂವರೆ ಎಂಎಂ ಆದರೆ 1.2 ಕೆಜಿ. ತಾಮ್ರ ಕೆಜಿಗೆ 100 ರೂಪಾಯಿ ಏರಿದರೆ ಎರಡೂವರೆಯ ಕಾಯಿಲ್‌ಗೆ 200 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 236. ಎಂಸಿಎಕ್ಸ್ ಅನ್ನುವ ಸರಕು ವಿನಿಮಯ ಕೇಂದ್ರದ ತಾಮ್ರದ ರೇಟು ಫೋನಿನಲ್ಲೇ ಸಿಗುತ್ತದೆ. ಹಳೇ ಕೊಟೇಶನ್ ತಾರೀಕಿನ ರೇಟು, ಇವತ್ತಿನ ರೇಟು, ಎರಡರ ವ್ಯತ್ಯಾಸವನ್ನು ಹೀಗೇ ಗುಣಿಸಿ. ಪಿವಿಸಿ, ಸಾಗಾಣಿಕೆ ಅಂತ ಸ್ವಲ್ಪ ಹೆಚ್ಚುಕಮ್ಮಿ ಆಗಲಿ ಬಿಡಿ, ಆದರೆ ಏರಿಕೆ ಇದರ ಎರಡು ಪಟ್ಟು ಕಂಡರೆ ಕೂರಿಸಿಕೊಂಡು ಕೇಳಿ. ಡಬ್ಬದ ಮೇಲಿನ ಎಂಆರ್‌ಪಿ ಮಾತ್ರ ನೋಡಲೇಬೇಡಿ, ವೈರ್ ವ್ಯಾಪಾರದಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಡಿಸ್ಕೌಂಟ್ ಕಳೆದ ಮೇಲಿನ ರೇಟೇ ರೇಟು.

ಇನ್ನು ಯಾಕೆ ಏರಿತು? 2020ರ ಮಾರ್ಚ್‌ನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ತಾಮ್ರ ಟನ್‌ಗೆ 5 ಸಾವಿರ ಡಾಲರ್‌ಗಿಂತ ಕೆಳಗಿತ್ತು. 2024ರ ಮೇನಲ್ಲಿ 11 ಸಾವಿರ ಮುಟ್ಟಿತು, 2025ರ ಡಿಸೆಂಬರ್‌ನಲ್ಲಿ 12 ಸಾವಿರ ದಾಟಿತು. ಕೇಳುವವರು ಜಾಸ್ತಿಯಾದರು. ಪೆಟ್ರೋಲ್ ಕಾರಿಗೆ 20 ಕೆಜಿ ಚಿಲ್ಲರೆ ತಾಮ್ರ ಸಾಕು, ಎಲೆಕ್ಟ್ರಿಕ್ ಕಾರಿಗೆ ಅದರ ಮೂರ್ನಾಲ್ಕು ಪಟ್ಟು ಬೇಕು. ಸೋಲಾರ್, ಡೇಟಾ ಸೆಂಟರ್, ಎಲ್ಲದಕ್ಕೂ ಬೇಕು. ಜಗತ್ತಿನ ಶುದ್ಧ ತಾಮ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾ ಒಂದೇ ಬಳಸುತ್ತದೆ. ಆ ಕಡೆ ಗಣಿಗಳಲ್ಲಿ ಒಂದರ ಹಿಂದೆ ಒಂದು ತೊಂದರೆ. 2025ರ ಜುಲೈ ಕೊನೆಗೆ ಚಿಲಿಯ ಎಲ್ ಟೆನಿಯೆಂಟೆ ಗಣಿ ಕುಸಿಯಿತು, ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾದ ಗ್ರಾಸ್‌ಬರ್ಗ್ ಗಣಿಗೆ ಕೆಸರು ನುಗ್ಗಿ ಕಾರ್ಮಿಕರು ಸತ್ತರು, ಕೆಲಸ ನಿಂತಿತು. ಅಮೆರಿಕ ಸುಂಕ ಹಾಕುತ್ತೇನೆ ಅಂದಾಗಲೆಲ್ಲ ವ್ಯಾಪಾರಿಗಳು ಮೊದಲೇ ಅಲ್ಲಿಗೆ ಮಾಲು ಸಾಗಿಸಿದ್ದರಿಂದ ಬೇರೆ ಕಡೆ ಇನ್ನಷ್ಟು ಬಿಗಿಯಾಯಿತು.

ಇದೆಲ್ಲ ದಾವಣಗೆರೆಯ ಅಂಗಡಿಗೆ ಯಾಕೆ ತಟ್ಟುತ್ತದೆ ಅಂದರೆ, ನಾವೀಗ ತಾಮ್ರ ಕೊಳ್ಳುವ ದೇಶ. 2018ಕ್ಕೆ ಮುಂಚೆ ಶುದ್ಧ ತಾಮ್ರ ರಫ್ತು ಮಾಡುತ್ತಿದ್ದೆವು. ಆ ವರ್ಷ ಮೇನಲ್ಲಿ ತೂತ್ತುಕುಡಿಯ ಸ್ಟೆರ್ಲೈಟ್ ತಾಮ್ರ ಕಾರ್ಖಾನೆಯ ಮಾಲಿನ್ಯದ ವಿರುದ್ಧ ಪ್ರತಿಭಟನೆ ನಡೆದಾಗ ಪೊಲೀಸ್ ಗುಂಡಿಗೆ 13 ಜನ ಬಲಿಯಾದರು, ಕಾರ್ಖಾನೆಗೆ ಬೀಗ ಬಿತ್ತು. ವರ್ಷಕ್ಕೆ 4 ಲಕ್ಷ ಟನ್ ತಯಾರಿಸುವ ಘಟಕ ಅದು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮತ್ತೆ ತೆರೆಯಲು ಒಪ್ಪಲಿಲ್ಲ. ಊರಿನವರ ಆರೋಗ್ಯ ಮೊದಲು ಅನ್ನುವುದು ನನ್ನ ಅಭಿಪ್ರಾಯ ಕೂಡ, ಆದರೆ ಅದರ ಬೆಲೆಯನ್ನು ವೈರ್ ಬಿಲ್‌ನಲ್ಲಿ ನಾವೆಲ್ಲ ಕಟ್ಟುತ್ತಿದ್ದೇವೆ ಅನ್ನುವುದೂ ಸುಳ್ಳಲ್ಲ. 2024ರ ಮಾರ್ಚ್‌ನಲ್ಲಿ ಗುಜರಾತಿನ ಮುಂದ್ರಾದಲ್ಲಿ ಅದಾನಿಯವರ ಕಛ್ ಕಾಪರ್ ಕಾರ್ಖಾನೆ ಶುರುವಾಗಿದೆ, ಮೊದಲ ಹಂತದಲ್ಲೇ 5 ಲಕ್ಷ ಟನ್ ಸಾಮರ್ಥ್ಯ. ಅದು ಕೊರತೆ ತುಂಬಬಹುದು, ಆದರೆ ರೇಟು ಇಳಿಸುವುದಿಲ್ಲ. ರೇಟು ಲಂಡನ್‌ನದೇ.

ಹಾಗಾದರೆ ಮನೆಗೆ ಅಲ್ಯುಮಿನಿಯಂ ವೈರ್ ಹಾಕಿಸಿದರೆ ಆಗಲ್ವಾ? ನಮ್ಮ ತಾತನ ಮನೆಯಲ್ಲಿ ಅದೇ ಇತ್ತು.
— ಓದುಗರು, ಮೈಸೂರು

ಬೇಡ. ಅಲ್ಯುಮಿನಿಯಂ ತುದಿಯಲ್ಲಿ ಬೇಗ ಒಂದು ಪದರ ಕಟ್ಟುತ್ತದೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಜೊತೆಗೆ ಸ್ಕ್ರೂ ಬಿಗಿ ಮಾಡಿದ ಜಾಗದಲ್ಲಿ ಅದು ನಿಧಾನಕ್ಕೆ ಒತ್ತಿಕೊಂಡು ಸಡಿಲವಾಗುತ್ತದೆ, ಸಡಿಲವಾದ ಕಡೆ ಬಿಸಿಯಾಗುತ್ತದೆ. ಮನೆಯಲ್ಲಿ ಸ್ವಿಚ್ಚು, ಪ್ಲಗ್ಗು ಅಂತ ನೂರಾರು ಜಾಯಿಂಟ್ ಇರುತ್ತವೆ, ಎಲ್ಲಿ ಸುಟ್ಟಿತು ಅಂತ ಹುಡುಕುತ್ತೀರಿ? ಇನ್ನೊಂದು ಎಚ್ಚರ: ತೀರಾ ಅಗ್ಗದ ವೈರ್ ಕಂಡರೆ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಐಎಸ್‌ಐ ಗುರುತಿನ ಪಕ್ಕದಲ್ಲಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

ನಮ್ಮ ಬೋರ್‌ವೆಲ್‌ನಲ್ಲಿ ಮೋಟಾರ್ 800 ಅಡಿಗೆ ಇಳಿಸಿದ್ದೇವೆ, ಏಳೂವರೆ ಎಚ್‌ಪಿ. ವರ್ಷಕ್ಕೊಮ್ಮೆ ವೈಂಡಿಂಗ್ ಸುಡುತ್ತೆ. ಕೇಬಲ್ ಸಣ್ಣದಾಯ್ತು ಅಂತ ಮೆಕ್ಯಾನಿಕ್ ಹೇಳ್ತಾರೆ. ತಾಮ್ರದ ಈ ರೇಟಲ್ಲಿ ದಪ್ಪ ಕೇಬಲ್ ಹಾಕಿಸೋದು ದಂಡ ಅಲ್ವಾ?
— ರೈತರು, ಸಿರಾ

ಮೆಕ್ಯಾನಿಕ್ ಹೇಳಿದ್ದರಲ್ಲಿ ಹುರುಳಿದೆ. 800 ಅಡಿ ಅಂದರೆ 244 ಮೀಟರ್. ಮೋಟಾರ್ 15 ಆಂಪ್ಸ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಕೇಬಲ್ ಎರಡೂವರೆ ಎಂಎಂ ಇದ್ದರೆ ಮೇಲಿಂದ ಕೆಳಗೆ ಹೋಗುವಷ್ಟರಲ್ಲಿ ಸುಮಾರು 43 ವೋಲ್ಟ್ ಕಳೆದುಹೋಗುತ್ತದೆ. 4 ಎಂಎಂ ಆದರೆ 27, 6 ಎಂಎಂ ಆದರೆ 18. ಪೇಟೆಯಲ್ಲಾದರೆ 415 ವೋಲ್ಟ್‌ನಲ್ಲಿ 43 ಹೋದರೆ ಹೇಗೋ ಸುಧಾರಿಸಬಹುದು. ಆದರೆ ಬೇಸಿಗೆಯಲ್ಲಿ ಎಲ್ಲರ ಪಂಪೂ ಒಟ್ಟಿಗೆ ಆನ್ ಆದಾಗ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರವೇ 350 ಇರುತ್ತದೆ, ಅದರಲ್ಲೂ ಇಷ್ಟು ಹೋದರೆ ಕೆಳಗೆ ಮೋಟಾರ್‌ಗೆ ಸಿಗುವುದು 300 ಚಿಲ್ಲರೆ. ವೋಲ್ಟೇಜ್ ಕಮ್ಮಿಯಾದಷ್ಟೂ ಮೋಟಾರ್ ಕರೆಂಟ್ ಜಾಸ್ತಿ ಎಳೆಯುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ, ಒಂದು ದಿನ ಹೊಗೆ. ಪ್ರತಿ ಸಲ ಮೋಟಾರ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಖರ್ಚನ್ನು ಕೂಡಿಸಿ ನೋಡಿ. ನನ್ನ ಕೇಳಿದರೆ 6 ಎಂಎಂ ಹಾಕಿಸಿ. ಬೋರ್‌ನಿಂದ ಸ್ಟಾರ್ಟರ್ ಪೆಟ್ಟಿಗೆ ದೂರ ಇದ್ದರೆ ಆ ದೂರವನ್ನೂ ಲೆಕ್ಕಕ್ಕೆ ಸೇರಿಸಿ.

ಇನ್ನು ತಾಮ್ರದ ರೇಟು ಏರಿದ ಹಾಗೆ ಹೊಲದಲ್ಲಿ ಕೇಬಲ್ ಕಳ್ಳರೂ ಜಾಸ್ತಿ ಆಗುತ್ತಾರೆ, ಅದು ನಿಮಗೇ ಗೊತ್ತು. ಮೇಲೆ ಹಾಯುವ ಕೇಬಲ್ಲನ್ನು ಪೈಪಿನೊಳಗೆ ಹಾಕಿ ಎರಡು ಮೂರು ಅಡಿ ಆಳಕ್ಕೆ ಹೂತುಬಿಡಿ. ಆಮೇಲೂ ಹೋದರೆ ದೂರು ಕೊಡದೆ ಬಿಡಬೇಡಿ. ಸುಟ್ಟ ತಾಮ್ರ ತಂದವರನ್ನು ಪ್ರಶ್ನೆ ಮಾಡದೆ ತೂಕ ಹಾಕುವ ಗುಜರಿ ಅಂಗಡಿಗಳಿರುವಷ್ಟು ದಿನ ಈ ಕಳ್ಳತನ ನಿಲ್ಲಲ್ಲ.

ಅಷ್ಟು ದೂರದ ಹೈಟೆನ್ಷನ್ ಲೈನ್‌ಗೆ ಮಾತ್ರ ತಾಮ್ರ ಯಾಕೆ ಹಾಕಲ್ಲ?
— ಡಿಪ್ಲೊಮಾ ವಿದ್ಯಾರ್ಥಿ, ಬಳ್ಳಾರಿ

ತೂಕ. ಒಂದೇ ಅಳತೆಯ ತಂತಿಯಲ್ಲಿ ಅಲ್ಯುಮಿನಿಯಂ ತಾಮ್ರದ 61% ಕರೆಂಟ್ ದಾಟಿಸುತ್ತದೆ. ಅಂದರೆ ಅಡ್ಡಕೊಯ್ತ 1.6 ಪಟ್ಟು ಬೇಕು. ಆದರೂ ತೂಕ ತಾಮ್ರದ ಅರ್ಧ. ಕಂಬಗಳ ನಡುವೆ ತೂಗುವ ತಂತಿಗೆ ದಪ್ಪದ ಚಿಂತೆ ಇಲ್ಲ, ತೂಕದ್ದೇ ಚಿಂತೆ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ 1,300 ಕಿಮೀಗೂ ಉದ್ದದ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಲೈನ್ ಇದೆಯಲ್ಲ, ಅದೂ ಅಲ್ಯುಮಿನಿಯಮ್ಮೇ, ಗಟ್ಟಿಗೆ ಒಳಗೆ ಉಕ್ಕಿನ ಎಳೆ. ಈ ತಂತಿಗಳ ಗಾತ್ರಕ್ಕೆಲ್ಲ ಪ್ರಾಣಿಗಳ ಹೆಸರು: ವೀಸಲ್, ರ‍್ಯಾಬಿಟ್, ಡಾಗ್. ಲೈನ್‌ಮನ್‌ಗಳು 'ರ‍್ಯಾಬಿಟ್ ಎಳೀಬೇಕು' ಅಂದರೆ ಮೊಲ ಹಿಡಿಯೋಕಲ್ಲ! ಬೆಸ್ಕಾಂ ಬೆಂಗಳೂರಲ್ಲಿ ನೆಲದಡಿ ಹಾಕುತ್ತಿರುವ 11 ಕೆವಿ ಕೇಬಲ್ಲಲ್ಲೂ ಒಳಗಿರುವುದು ಹೆಚ್ಚಾಗಿ ಅಲ್ಯುಮಿನಿಯಮ್ಮೇ. ಪಾವಗಡದಂಥ ಸೋಲಾರ್ ಪಾರ್ಕಲ್ಲಿ ಪ್ಯಾನೆಲ್‌ನಿಂದ ಹೊರಡುವ ಸಣ್ಣ ಡಿಸಿ ಕೇಬಲ್‌ಗಳು ಮಾತ್ರ ತವರ ಲೇಪಿಸಿದ ತಾಮ್ರ.

ನಮ್ಮೂರ ಹತ್ತಿರದ ಇಂಗಳದಾಳದಲ್ಲೇ ತಾಮ್ರ ಇತ್ತು. ಮತ್ತೆ ತೆಗೆಯಬಹುದಲ್ಲ?
— ಓದುಗರು, ಚಿತ್ರದುರ್ಗ

ಇತ್ತು, ಹಾಸನ ಜಿಲ್ಲೆಯ ಕಲ್ಯಾಡಿಯಲ್ಲೂ ಇತ್ತು. ಹಟ್ಟಿ ಚಿನ್ನದ ಗಣಿ ಕಂಪನಿ ನಡೆಸುತ್ತಿತ್ತು, ಈಗ ಎರಡೂ ಮುಚ್ಚಿವೆ. ಅದಿರು ಚಿಕ್ಕ ಪ್ರಮಾಣದ್ದು. ಈಗಿನ ದೊಡ್ಡ ಗಣಿಗಳಲ್ಲೇ ಒಂದು ಟನ್ ಕಲ್ಲು ಪುಡಿ ಮಾಡಿದರೆ ಎಷ್ಟೋ ಕಡೆ 10 ಕೆಜಿ ತಾಮ್ರವೂ ಸಿಗಲ್ಲ, ಆದರೆ ಅವರು ದಿನಕ್ಕೆ ಲಕ್ಷಗಟ್ಟಲೆ ಟನ್ ಅಗೆಯುತ್ತಾರೆ. ದೇಶದಲ್ಲಿ ಹೇಳಿಕೊಳ್ಳುವಂಥ ಗಣಿ ಅಂದರೆ ಹಿಂದೂಸ್ತಾನ್ ಕಾಪರ್‌ನ ಮಲಾಂಜಖಂಡ್, ಮಧ್ಯಪ್ರದೇಶದಲ್ಲಿ. ಗುಜರಾತಿನ ದಹೇಜ್‌ನ ತಾಮ್ರ ಕಾರ್ಖಾನೆ ಕೂಡ ಹೆಚ್ಚಾಗಿ ಹೊರದೇಶದ ಅದಿರನ್ನೇ ಕರಗಿಸುತ್ತದೆ.

ಕೇಬಲ್ ಕಂಪನಿ ಷೇರು ತಗೊಳ್ಳಲಾ?
— ಓದುಗರು, ಹುಬ್ಬಳ್ಳಿ

ಷೇರಿನ ಸಲಹೆ ನನ್ನ ಕೆಲಸ ಅಲ್ಲ. ಒಂದು ಸಂಗತಿ ಮಾತ್ರ ಹೇಳುತ್ತೇನೆ. 2025ರ ಫೆಬ್ರವರಿಯಲ್ಲಿ ಸಿಮೆಂಟಿನ ಅಲ್ಟ್ರಾಟೆಕ್ 1,800 ಕೋಟಿ ಹಾಕಿ ಭರೂಚ್ ಹತ್ತಿರ ವೈರ್ ಕಾರ್ಖಾನೆ ಮಾಡುತ್ತೇನೆ ಅಂದಿತು, ಪಾಲಿಕ್ಯಾಬ್, ಕೆಇಐ, ಹ್ಯಾವೆಲ್ಸ್ ಷೇರುಗಳು ಧಡಕ್ಕನೆ ಬಿದ್ದವು. ಮುಂದಿನ ತಿಂಗಳೇ ಅದಾನಿಯವರೂ ಈ ವ್ಯಾಪಾರಕ್ಕೆ ಇಳಿಯುವ ಸುದ್ದಿ ಬಂತು. ಬೇಡಿಕೆ ಏರುತ್ತಿದೆ, ಹಂಚಿಕೊಳ್ಳುವವರೂ ಹೆಚ್ಚುತ್ತಿದ್ದಾರೆ. ಮಿಕ್ಕಿದ್ದು ನಿಮ್ಮ ದುಡ್ಡು, ನಿಮ್ಮ ಇಷ್ಟ.