ಎಲೆಕ್ಟಿವ್ ಪೇಪರಿನ ಹೆಸರು ನೋಡಿ ಹೆದರಬೇಡಿ

ಎರಡನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ: ಎಂ.ಎಸ್ಸಿ. ಭೌತಶಾಸ್ತ್ರದಲ್ಲಿ ಯಾವ ಎಲೆಕ್ಟಿವ್ (ನಾವೇ ಆರಿಸಿಕೊಳ್ಳುವ) ಪೇಪರ್ ತಗೊಳ್ಳಲಿ? ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಸೆಮಿಸ್ಟರ್ ಪದ್ಧತಿ, ಕ್ರೆಡಿಟ್ ಲೆಕ್ಕ ಇವೆಲ್ಲ ನಿಮ್ಮ ವಿಭಾಗದ ನೋಟಿಸ್ ಬೋರ್ಡಿನಲ್ಲಿವೆ, ಅಲ್ಲೇ ಓದಿಕೊಳ್ಳಿ.

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ಖಗೋಳ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುವಾಸೆ. ನಮ್ಮಲ್ಲಿ ಆ ಪೇಪರ್ ಇಲ್ಲ. ಘನಸ್ಥಿತಿ (ಸಾಲಿಡ್ ಸ್ಟೇಟ್), ನ್ಯೂಕ್ಲಿಯರ್, ಎಲೆಕ್ಟ್ರಾನಿಕ್ಸ್, ಇವುಗಳಲ್ಲಿ ಒಂದನ್ನು ಆರಿಸಬೇಕು. ಎಲೆಕ್ಟ್ರಾನಿಕ್ಸ್‌ನಲ್ಲಿ ಮಾರ್ಕ್ಸ್ ಚೆನ್ನಾಗಿ ಬೀಳುತ್ತವೆ ಅಂತ ಸೀನಿಯರ್ಸ್ ಹೇಳುತ್ತಾರೆ. ಘನಸ್ಥಿತಿ ತಗೊಂಡರೆ ಮುಂದೆ ಖಗೋಳದ ದಾರಿ ಮುಚ್ಚಿಹೋಗುತ್ತದಾ? (ವಿದ್ಯಾರ್ಥಿನಿ, ಹರಿಹರ)

ಉತ್ತರ: ಇಲ್ಲ ತಾಯಿ, ಮುಚ್ಚುವುದಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಪುಣೆಯ ಖಗೋಳ ಸಂಸ್ಥೆ ಐಯುಕಾ, ಎಲ್ಲವೂ ಎಂ.ಎಸ್ಸಿ. ಭೌತಶಾಸ್ತ್ರ ಮಾಡಿದವರನ್ನು ಪಿಎಚ್‌.ಡಿ.ಗೆ ತಗೊಳ್ಳುತ್ತವೆ. ಸಂದರ್ಶನದಲ್ಲಿ ಕೆದಕುವುದು ಕ್ವಾಂಟಂ, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಎಲೆಕ್ಟ್ರೋಡೈನಮಿಕ್ಸ್, ಕ್ಲಾಸಿಕಲ್ ಮೆಕ್ಯಾನಿಕ್ಸ್. ಈ ನಾಲ್ಕು ಗಟ್ಟಿಯಿಲ್ಲದಿದ್ದರೆ ಅಂಕಪಟ್ಟಿಯಲ್ಲಿ 'ಆಸ್ಟ್ರೋಫಿಸಿಕ್ಸ್' ಅಂತ ಇದ್ದೂ ಉಪಯೋಗವಿಲ್ಲ.

ಘನಸ್ಥಿತಿಯನ್ನೇ ನೋಡೋಣ. ಮೊದಲ ತಿಂಗಳಲ್ಲೇ ಲೋಹದೊಳಗಿನ ಎಲೆಕ್ಟ್ರಾನುಗಳ ಫರ್ಮಿ ಶಕ್ತಿ ಬರುತ್ತದೆ, ಅಂದರೆ ಎಷ್ಟೇ ತಣ್ಣಗಾದರೂ ಅವುಗಳಿಗಿರುವ ಗರಿಷ್ಠ ಶಕ್ತಿ. ಎಲೆಕ್ಟ್ರಾನುಗಳು ದಟ್ಟವಾದಷ್ಟೂ ಇದು ಹೆಚ್ಚುತ್ತದೆ. ತಾಮ್ರಕ್ಕೆ ಲೆಕ್ಕ ಹಾಕಿ: ಒಂದು ಘನ ಮೀಟರಿಗೆ ಸುಮಾರು 8.5×10²⁸ ಎಲೆಕ್ಟ್ರಾನುಗಳು, ಉತ್ತರ 7 ಎಲೆಕ್ಟ್ರಾನ್ ವೋಲ್ಟ್. ಅದೇ ಸೂತ್ರಕ್ಕೆ ಈಗ ಇಂಧನ ಮುಗಿದು ಕುಗ್ಗಿದ ಶ್ವೇತಕುಬ್ಜ ನಕ್ಷತ್ರದ ಸಾಂದ್ರತೆ ಹಾಕಿ, ಘನ ಸೆಂಟಿಮೀಟರಿಗೆ 10 ಲಕ್ಷ ಗ್ರಾಂ. ಉತ್ತರ ಒಂದು ಲಕ್ಷ ಎಲೆಕ್ಟ್ರಾನ್ ವೋಲ್ಟ್ ದಾಟುತ್ತದೆ. ಎಲೆಕ್ಟ್ರಾನಿನ ಸ್ಥಿರ ಶಕ್ತಿಯೇ (ಚಲಿಸದಿದ್ದಾಗಲೂ ದ್ರವ್ಯರಾಶಿಯಿಂದ ಇರುವ ಶಕ್ತಿ) 5 ಲಕ್ಷ 11 ಸಾವಿರ. ಅಂದಮೇಲೆ ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕ ಮಾಡುವಂತಿಲ್ಲ. 1930ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಭೌತವಿಜ್ಞಾನಿ ಚಂದ್ರಶೇಖರ್ ಹಿಡಿದದ್ದು ಇದೇ ಎಳೆಯನ್ನು. ಶ್ವೇತಕುಬ್ಜದ ದ್ರವ್ಯರಾಶಿ ಸೂರ್ಯನ ಸುಮಾರು 1.4 ಪಟ್ಟನ್ನು ಮೀರಲಾರದು ಎಂಬ ಮಿತಿ ಸಿಕ್ಕಿದ್ದು ಅಲ್ಲಿಂದ. ತಾಮ್ರದ ತಂತಿಯ ಪಾಠ ನಕ್ಷತ್ರಕ್ಕೆ ಸಂಬಂಧವಿಲ್ಲ ಅಂತ ನಿಮಗೆ ಹೇಳಿದವರು ಯಾರು?

ನ್ಯೂಕ್ಲಿಯರ್ ತಗೊಂಡರೂ ಅಷ್ಟೇ. ಸೂರ್ಯನೊಳಗೆ ಪ್ರೋಟಾನುಗಳು ಶಕ್ತಿ ಸಾಲದಿದ್ದರೂ ತಡೆಯನ್ನು ಸುರಂಗಿಸಿ (ಟನಲಿಂಗ್) ಸೇರುವುದು, ಬೀಟಾ ಕ್ಷಯ, ಎಲ್ಲ ಅಲ್ಲೇ ಇವೆ. ಎಲೆಕ್ಟ್ರಾನಿಕ್ಸ್ ಮಾತ್ರ ನಾನು ಅನುಮಾನಿಸುತ್ತೇನೆ. ವಿಷಯ ಕೆಟ್ಟದ್ದಲ್ಲ, ನಿಮ್ಮ ಕಾರಣ ಕೆಟ್ಟದ್ದು. ಆಂಟೆನಾ, ನಾಯ್ಸ್, ಸಿಗ್ನಲ್ ಪ್ರೊಸೆಸಿಂಗ್ ಕಲಿತು ಗೌರಿಬಿದನೂರಿನಂಥ ರೇಡಿಯೊ ವೀಕ್ಷಣಾಲಯದಲ್ಲಿ ಉಪಕರಣ ಕಟ್ಟುವ ಮನಸ್ಸಿದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಮಾರ್ಕ್ಸಿಗಾಗಿ ಬೇಡ.

ಹಾಗಾದರೆ ಆರಿಸುವುದು ಹೇಗೆ? ಮೂರೂ ಪೇಪರುಗಳ ಹಳೆಯ ಪ್ರಶ್ನೆಪತ್ರಿಕೆ ತಂದು ಎದುರಿಗಿಟ್ಟುಕೊಳ್ಳಿ. 'ಟಿಪ್ಪಣಿ ಬರೆಯಿರಿ' ಎಷ್ಟಿವೆ, 'ನಿಷ್ಪಾದಿಸಿ, ಲೆಕ್ಕಿಸಿ' ಎಷ್ಟಿವೆ ನೋಡಿ. ಆಮೇಲೆ ಪಾಠ ಮಾಡುವ ಮೇಷ್ಟ್ರು ಯಾರು, ಲೆಕ್ಕ ಕೊಟ್ಟು ತಿದ್ದುತ್ತಾರಾ ಎಂದು ಸೀನಿಯರ್ಸನ್ನು ಕೇಳಿ. ಅವರ ಹತ್ತಿರ ಕೇಳಬೇಕಾದ್ದು ಅದೊಂದೇ. ಹೆಚ್ಚು ಲೆಕ್ಕ ಮಾಡಿಸುವ ಪೇಪರ್ ನಿಮ್ಮದು. ನಿಮ್ಮ ಆಸಕ್ತಿ ಮುಂದಿನ ಎರಡು ವರ್ಷದಲ್ಲಿ ಬದಲಾದರೂ, ಬದಲಾಗುವ ಸಾಧ್ಯತೆ ಬಹಳ ಇದೆ, ಲೆಕ್ಕ ಮಾಡಿದ ಕೈ ನಿಮ್ಮ ಜೊತೆಗೇ ಇರುತ್ತದೆ.

ಖಗೋಳದ ಆಸೆಯನ್ನು ಪ್ರಾಜೆಕ್ಟಿನಲ್ಲಿ ತೀರಿಸಿಕೊಳ್ಳಿ. ಇಸ್ರೊ 2015ರಲ್ಲಿ ಹಾರಿಸಿದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶ ಸಾರ್ವಜನಿಕವಾಗಿ ಸಿಗುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಬಂದರೆ, ಒಪ್ಪುವ ಗೈಡ್ ಒಬ್ಬರಿದ್ದರೆ, ನಿಮ್ಮ ವಿಶ್ವವಿದ್ಯಾಲಯವಿರುವ ತೋಳಹುಣಸೆಯ ಹಾಸ್ಟೆಲಿನಲ್ಲಿ ಕೂತೇ ಒಂದು ಎಕ್ಸ್-ರೇ ನಕ್ಷತ್ರದ ಬೆಳಕಿನ ಏರಿಳಿತ ಬಿಡಿಸಬಹುದು. ವಿಜ್ಞಾನ ಅಕಾಡೆಮಿಗಳ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೂ ಅರ್ಜಿ ಹಾಕಿ. ಅದಕ್ಕೆ ಮೇಷ್ಟ್ರ ಪತ್ರ ಬೇಕು, ಕೊನೇ ದಿನ ಹೋಗಿ ಕಾಡಬೇಡಿ.

ಗೈಡ್ ಪ್ರಾಜೆಕ್ಟಿಗೆ ಥಿನ್ ಫಿಲ್ಮೇ (ವಸ್ತುವಿನ ತೆಳು ಪದರ) ಕೊಟ್ಟರೆ? ಮಾಡಿ, ಆದರೆ ಸರಿಯಾಗಿ ಮಾಡಿ. ಎಕ್ಸ್‌ಆರ್‌ಡಿ (ಎಕ್ಸ್-ರೇ ವಿವರ್ತನೆ) ನಕ್ಷೆಯ ಶಿಖರದ ಅಗಲದಿಂದ ಕಣದ ಗಾತ್ರ ತೆಗೆಯುವಾಗ ಯಂತ್ರದ್ದೇ ಆದ ಅಗಲವನ್ನು ಕಳೆಯದೆ '23.47 ನ್ಯಾನೋಮೀಟರ್' ಎಂದು ಬರೆದ ವರದಿಗಳನ್ನು ನೋಡಿ ನೋಡಿ ನನಗೆ ಸಿಟ್ಟು ಬರುತ್ತದೆ. ದಶಮಾಂಶದ ಎರಡು ಸ್ಥಾನ ಎಲ್ಲಿಂದ ಬಂತು? ದೋಷದ ಅಂದಾಜು ಎಲ್ಲಿ? ಇದನ್ನು ಕಲಿತವರಿಗೆ ದೂರದರ್ಶಕದ ದತ್ತಾಂಶ ಕಷ್ಟವಾಗುವುದಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟರೆ ವಾರದಲ್ಲಿ ಪೇಪರ್ ಪ್ರಕಟಿಸಿ ಕೊಡುತ್ತಾರಂತೆ, ಪಿಎಚ್‌.ಡಿ. ಸೀಟಿಗೆ ಅನುಕೂಲವಾ? (ಚಿತ್ರದುರ್ಗ)

ಉತ್ತರ: ಅನುಕೂಲ ಅವರಿಗೆ. ಅಂಥ ಜರ್ನಲ್ಲಿನ ಹೆಸರು ನಿಮ್ಮ ಬಯೋಡೇಟಾದಲ್ಲಿ ಕಂಡರೆ ಸಂದರ್ಶಕರು ಮಿಕ್ಕದ್ದನ್ನೂ ನಂಬುವುದಿಲ್ಲ. ರೆಡಿಮೇಡ್ ಪ್ರಾಜೆಕ್ಟ್ ವರದಿ ಮಾರುವವರಿಗೂ ಇದೇ ಮಾತು.

ಪ್ರಶ್ನೆ: ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಬೇಕಾ, ಕೆ-ಸೆಟ್ (ರಾಜ್ಯದ್ದು) ಸಾಕಾ? (ಹೊಳಲ್ಕೆರೆ)

ಉತ್ತರ: ಕೆ-ಸೆಟ್‌ನಿಂದ ಉಪನ್ಯಾಸಕರ ಅರ್ಹತೆ ಸಿಗುತ್ತದೆ, ಫೆಲೋಶಿಪ್ ಇಲ್ಲ. ಸಂಶೋಧನೆ ಬೇಕೆಂದರೆ ನೆಟ್ ಮೂಲಕ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್; 2023ರಿಂದ ತಿಂಗಳಿಗೆ 37,000 ರೂಪಾಯಿ. ಜೆಸ್ಟ್, ಗೇಟ್ ಎಂಬ ಪ್ರವೇಶ ಪರೀಕ್ಷೆಗಳನ್ನೂ ಬರೆಯಿರಿ, ಒಂದನ್ನೇ ನೆಚ್ಚಿ ಕೂರಬೇಡಿ. ಮೂವತ್ತು ದಿನದಲ್ಲಿ ಪಾಸು ಮಾಡಿಸುತ್ತೇವೆ ಅನ್ನುವ ಕೋಚಿಂಗಿಗೆ ಫೀಸು ಕಟ್ಟಬೇಡಿ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಥಿಯರಿ ಕಷ್ಟವಾ? (ಚಳ್ಳಕೆರೆ)

ಉತ್ತರ: ಕಷ್ಟವಾಗುವುದು ಗಣಿತ ಬಿಟ್ಟವರಿಗೆ. ಮ್ಯಾಥಮೆಟಿಕಲ್ ಫಿಸಿಕ್ಸ್ ಪೇಪರಿನ ಲೆಕ್ಕಗಳನ್ನು ಈ ರಜೆಯಲ್ಲೇ ಮತ್ತೊಮ್ಮೆ ಮಾಡಿ.